ಬಾಡಿಗೆ ಮನೆಯಲ್ಲಿ ಲಿನಕ್ಸ್



2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತಿತಲ್ಲ, ಅವತ್ತಿನಿಂದ ಕೂಟದ ಕಾರ್ಯಕ್ರಮಗಳಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮನೇಲಿ ಹಳೇ ಲ್ಯಾಪ್‌ಟಾಪ್ ಇದೆ, ಚೆನ್ನಾಗೇ ಓಡ್ತಾ ಇದೆ. ವಿಂಡೋಸ್ 11 ಹಾಕಕ್ಕೆ ಬರಲ್ಲ ಅಂತಿದೆ. ಏನ್ ಮಾಡೋದು?" ಸಾಫ್ಟ್‌ವೇರ್ ಕೆಲಸದವನು ಅಂದ ಮೇಲೆ ಪ್ರಿಂಟರಿನಿಂದ ಹಿಡಿದು ಮೈಕ್ರೋವೇವ್ ತನಕ ಎಲ್ಲ ಪ್ರಶ್ನೆಗಳೂ ನಮ್ಮ ಖಾತೆಗೇ ಜಮಾ ಆಗುತ್ತವೆ ಬಿಡಿ!

ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ವಿಂಡೋಸ್ 11 ಅಧಿಕೃತವಾಗಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನೂ ಸಾಕಷ್ಟು ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಅದಿಲ್ಲದ ಎಷ್ಟೋ ಯಂತ್ರಗಳು ಇನ್ನೂ ಗಟ್ಟಿಮುಟ್ಟಾಗಿವೆ. ಅವುಗಳಿಗೆ ಲಿನಕ್ಸ್ ಹಾಕಿಕೊಳ್ಳಬಹುದು, ದುಡ್ಡು ಕೊಡಬೇಕಾಗಿಲ್ಲ. ಆದರೆ ಇದ್ದದ್ದನ್ನು ಅಳಿಸಿ ಹೊಸದನ್ನು ಹಾಕುವ ಮೊದಲು ಒಮ್ಮೆ ರುಚಿ ನೋಡಬೇಡವೇ? ಅದಕ್ಕೆ ನಾನು ಎಲ್ಲರಿಗೂ ಹೇಳುವುದು, ಮೊದಲು ವರ್ಚುವಲ್ ಮೆಷಿನ್‌ನಲ್ಲಿ ಹಾಕಿ ನೋಡಿ ಅಂತ. ಹಾಗೆ ಹಾಕಿದವರಲ್ಲಿ ಅರ್ಧ ಜನ ಮಧ್ಯದಲ್ಲೇ ಸಿಕ್ಕಿಬಿದ್ದು, "ಲಿನಕ್ಸ್ ನಮಗಲ್ಲಪ್ಪ" ಎಂದು ಕೈಬಿಡುತ್ತಾರೆ. ಎಲ್ಲಿ ಸಿಕ್ಕಿಬೀಳುತ್ತಾರೆ, ಬಿಡಿಸಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನ.

ಮನೆ ಒಂದು, ಸಂಸಾರ ಎರಡು

ವರ್ಚುವಲ್ ಮೆಷಿನ್ ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್. ಬೆಂಗಳೂರಿನ ಮನೆಗಳನ್ನು ನೆನಪಿಸಿಕೊಳ್ಳಿ. ಕೆಳಗೆ ಓನರ್, ಮೇಲೆ ಬಾಡಿಗೆಯವರು. ಬಾಡಿಗೆಯವರಿಗೆ ತಮ್ಮದೇ ಅಡುಗೆಮನೆ, ತಮ್ಮದೇ ಬಾಗಿಲು, ತಮ್ಮದೇ ಬೀಗ. ಆದರೆ ನೀರು, ಕರೆಂಟು ಎಲ್ಲ ಓನರ್ ಕೊಟ್ಟಷ್ಟು. ಇಲ್ಲಿ ವಿಂಡೋಸ್ ಓನರ್, ಲಿನಕ್ಸ್ ಬಾಡಿಗೆದಾರ. ನಡುವೆ ನಿಂತು ಇಷ್ಟು ಮೆಮೊರಿ ನಿನಗೆ, ಇಷ್ಟು ಡಿಸ್ಕ್ ನಿನಗೆ ಎಂದು ಹಂಚಿಕೊಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ.

ಇದೇನೂ ಹೊಸ ಕಲ್ಪನೆಯಲ್ಲ. ಐಬಿಎಂ ತನ್ನ ದೊಡ್ಡ ಕಂಪ್ಯೂಟರುಗಳಿಗಾಗಿ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿದ್ದು 1972ರಲ್ಲಿ. ಮನೆ ಕಂಪ್ಯೂಟರುಗಳಿಗೆ ಇದು ಸಲೀಸಾಗಿ ಸಿಗಲು ಬಹಳ ಕಾಲ ಹಿಡಿಯಿತು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ತಮ್ಮ ಪ್ರೊಸೆಸರುಗಳ ಒಳಗೇ ಇದಕ್ಕೆ ಬೇಕಾದ ನೆರವನ್ನು ಸೇರಿಸಿದವು. 2007ರಲ್ಲಿ ಇನ್ನೊಟೆಕ್ ಎಂಬ ಜರ್ಮನ್ ಕಂಪನಿ ವರ್ಚುವಲ್‌ಬಾಕ್ಸನ್ನು ಸಾರ್ವಜನಿಕರಿಗೆ ಬಿಟ್ಟಿತು. ಅದು 2008ರಲ್ಲಿ ಸನ್ ಕಂಪನಿಗೂ 2010ರಲ್ಲಿ ಒರಾಕಲ್‌ಗೂ ಸೇರಿತು. ಈಗಲೂ ಮನೆಬಳಕೆಗೆ ಉಚಿತವಾಗಿ ಸಿಗುವುದರಿಂದ ಉದಾಹರಣೆಗೆ ಅದನ್ನೇ ಇಟ್ಟುಕೊಂಡಿದ್ದೇನೆ.

ಈಗ ಮುಖ್ಯ ಮಾತು. ಮಹಡಿಯ ನಲ್ಲಿಯಲ್ಲಿ ನೀರು ಬರದಿದ್ದರೆ ಯಾರಾದರೂ ಮೊದಲು ನಲ್ಲಿ ಬಿಚ್ಚುತ್ತಾರೆಯೇ? "ಅಂಕಲ್, ಮೋಟರ್ ಹಾಕಿದ್ದೀರಾ?" ಎಂದು ಕೆಳಗೆ ಕೇಳುತ್ತಾರೆ. ಟ್ಯಾಂಕ್ ತುಂಬಿದೆಯೋ ನೋಡುತ್ತಾರೆ, ಪೈಪ್ ನೋಡುತ್ತಾರೆ, ಕೊನೆಗೆ ನಲ್ಲಿ. ವರ್ಚುವಲ್ ಮೆಷಿನ್‌ನಲ್ಲಿಯೂ ಅದೇ ಕ್ರಮ. ಲಿನಕ್ಸ್ ಏಳಲಿಲ್ಲ ಅಂದ ತಕ್ಷಣ ಲಿನಕ್ಸನ್ನು ಬಯ್ಯಬೇಡಿ. ಬಹಳಷ್ಟು ಸಲ ತೊಂದರೆ ಓನರ್ ಮನೆಯಲ್ಲೇ ಇರುತ್ತದೆ.

ಒಂದು ಮನೆಯ ಕಥೆ

ನಮ್ಮ ಕೂಟದ ಸ್ನೇಹಿತರೊಬ್ಬರ ಮನೆಯಲ್ಲಿ ಇಂಥದೇ ಲ್ಯಾಪ್‌ಟಾಪ್ ಇತ್ತು, 8 ಜಿಬಿ ಮೆಮೊರಿಯದ್ದು. ಅದನ್ನು ಅಳಿಸಿ ಲಿನಕ್ಸ್ ಹಾಕಿ ಮಗನಿಗೆ ಕೊಡೋಣ ಎಂದು ಅವರ ಯೋಚನೆ. ಅವರ ಮನೆಯವರು ಒಪ್ಪಲಿಲ್ಲ. "ಮಾವನವರು ಬರೆದದ್ದು ಇದರಲ್ಲಿ ಮಾತ್ರ ಓದಕ್ಕೆ ಬರತ್ತೆ. ಬೇರೆ ಯಾವ ಕಂಪ್ಯೂಟರಲ್ಲಿ ತೆರೆದ್ರೂ ಬರೀ ಇಂಗ್ಲಿಷ್ ಗೀಚು ಕಾಣತ್ತೆ. ಇದನ್ನ ಅಳಿಸಿದ್ರೆ ಮುಗೀತು" ಎಂದು ಅವರ ವಾದ. ಮಾವನವರು ಮೇಷ್ಟ್ರಾಗಿ ನಿವೃತ್ತರಾದ ಮೇಲೆ ತಮ್ಮ ಬಾಲ್ಯದ ನೆನಪುಗಳನ್ನು ತಾವೇ ಟೈಪ್ ಮಾಡಿಟ್ಟಿದ್ದರು, ಸುಮಾರು ಅರವತ್ತು ಪುಟ. ಅವರು ತೀರಿಕೊಂಡು ನಾಲ್ಕು ವರ್ಷ ಆಗಿದೆ. ಇನ್ನೊಮ್ಮೆ ಬರೆಸಲು ಆಗುವ ಮಾತಲ್ಲ.

ಮನೆಯವರ ಮಾತೇ ಸರಿ ಅಂದೆ. ಮೊದಲು ಆ ಫೈಲುಗಳನ್ನೂ ಅದರ ಫಾಂಟುಗಳನ್ನೂ ಎರಡು ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿ, ಒಂದನ್ನು ಬೀರುವಿನಲ್ಲಿ ಇಡಿಸಿದೆವು. ಅದೇ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮೆಷಿನ್ ಮಾಡಿ, ಅದರೊಳಗೆ ಉಬುಂಟು 24.04 ಹಾಕಿ, ಮಾವನವರ ಬರಹ ಅಲ್ಲಿ ಕನ್ನಡವಾಗಿಯೇ ಕಂಡರೆ ಮಾತ್ರ ಮುಂದಿನ ಮಾತು ಎಂದು ಒಪ್ಪಂದವಾಯಿತು. 2024ರ ಏಪ್ರಿಲ್‌ನಲ್ಲಿ ಬಂದ ಈ ಆವೃತ್ತಿಗೆ ಐದು ವರ್ಷದ ಬೆಂಬಲ ಇದೆ. ಹಾಗಾಗಿ ಅದನ್ನು ಆರಿಸಿಕೊಂಡೆವು.

ಮೋಟರ್ ಹಾಕಿದ್ದೀರಾ?

ಮೊದಲ ಸಲ ಸ್ಟಾರ್ಟ್ ಒತ್ತಿದಾಗ ಲಿನಕ್ಸ್ ಏಳಲೇ ಇಲ್ಲ. "ವಿಟಿ-ಎಕ್ಸ್ ಈಸ್ ಡಿಸೇಬಲ್ಡ್ ಇನ್ ದ ಬಯಾಸ್" ಎಂಬ ಸಂದೇಶ ಬಂತು. ಕೆಲವು ಯಂತ್ರಗಳಲ್ಲಿ ಸಂದೇಶ ಬರುವ ಮೊದಲೇ ಸುಳಿವು ಸಿಗುತ್ತದೆ. ಹೊಸ ಮೆಷಿನ್ ಮಾಡುವಾಗ ಆರಿಸುವ ಪಟ್ಟಿಯಲ್ಲಿ 32-ಬಿಟ್ ಹೆಸರುಗಳು ಮಾತ್ರ ಕಾಣುತ್ತವೆ, 64-ಬಿಟ್ ಇರುವುದೇ ಇಲ್ಲ. ಉಬುಂಟುವಿನ ಡೆಸ್ಕ್‌ಟಾಪ್ ಪ್ರತಿ 2017ರ 17.10ರಿಂದ 32-ಬಿಟ್‌ನಲ್ಲಿ ಬರುತ್ತಿಲ್ಲ. ಆದ್ದರಿಂದ ಇಲ್ಲೇ ದಾರಿ ಮುಚ್ಚಿಹೋಗುತ್ತದೆ.

ಪ್ರೊಸೆಸರಿನಲ್ಲಿ ಸೌಲಭ್ಯ ಇದ್ದರೂ ಅದರ ಸ್ವಿಚ್ ಆಫ್ ಆಗಿರುತ್ತದೆ, ಅಷ್ಟೇ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಮೇಲೆ ಒತ್ತಿದರೆ "ವರ್ಚುವಲೈಜೇಷನ್" ಎಂಬ ಸಾಲು ಇದೆ. ಅದು ಡಿಸೇಬಲ್ಡ್ ಅಂದರೆ ಯಂತ್ರವನ್ನು ಮತ್ತೆ ಶುರು ಮಾಡುವಾಗ ಬಯಾಸ್‌ಗೆ ಹೋಗಬೇಕು. ಎಫ್2, ಎಫ್10, ಎಸ್ಕೇಪ್ ಅಥವಾ ಡಿಲೀಟ್, ಒಂದೊಂದು ಯಂತ್ರಕ್ಕೆ ಒಂದೊಂದು ಕೀಲಿ. ಅಲ್ಲಿ ಇಂಟೆಲ್ ಯಂತ್ರಗಳಲ್ಲಿ "ಇಂಟೆಲ್ ವರ್ಚುವಲೈಜೇಷನ್ ಟೆಕ್ನಾಲಜಿ", ಎಎಂಡಿ ಯಂತ್ರಗಳಲ್ಲಿ "ಎಸ್‌ವಿಎಂ ಮೋಡ್" ಎಂದು ಇರುತ್ತದೆ. ಆನ್ ಮಾಡಿ, ಉಳಿಸಿ ಹೊರಬನ್ನಿ. ಒಂದು ಎಚ್ಚರಿಕೆ: ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಬಯಾಸ್ ಮುಟ್ಟಿದ ಮೇಲೆ ರಿಕವರಿ ಕೀ ಕೇಳಬಹುದು. ಮುಟ್ಟುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ.

ಸ್ನೇಹಿತರ ಮನೆಯಲ್ಲಿ ಇಷ್ಟಕ್ಕೇ ಲಿನಕ್ಸ್ ಎದ್ದು ನಿಂತಿತು. ಲಿನಕ್ಸಿನಲ್ಲಿ ನಾವು ಮುಟ್ಟಿದ್ದು ಏನೂ ಇಲ್ಲ.

ಹಸಿರು ಆಮೆ

ಎದ್ದರೂ ತೆವಳುತ್ತಿದ್ದರೆ? ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಬಲ ಮೂಲೆ ನೋಡಿ. ಅಲ್ಲೊಂದು ಪುಟ್ಟ ಹಸಿರು ಆಮೆ ಕುಳಿತಿದ್ದರೆ ಕಾರಣ ಸಿಕ್ಕಿತು ಅಂತ ಅರ್ಥ! ವಿಂಡೋಸಿನ ಸ್ವಂತ ಹೈಪರ್‌ವೈಸರ್ ಆದ ಹೈಪರ್-ವಿ ಆಗಲೇ ಪ್ರೊಸೆಸರಿನ ನೆರವನ್ನು ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ನಿಧಾನವಾಗಿ ಕೆಲಸ ಮಾಡುತ್ತಿದೆ ಎಂದು ಆಮೆ ಹೇಳುತ್ತದೆ. ನೀವು ಹೈಪರ್-ವಿ ಹೆಸರನ್ನೇ ಕೇಳಿಲ್ಲದಿರಬಹುದು. ವಿಂಡೋಸಿನ ಭದ್ರತಾ ಸೆಟ್ಟಿಂಗಿನಲ್ಲಿರುವ "ಮೆಮೊರಿ ಇಂಟೆಗ್ರಿಟಿ", ವಿಂಡೋಸ್ ಸ್ಯಾಂಡ್‌ಬಾಕ್ಸ್, ಡಬ್ಲ್ಯುಎಸ್‌ಎಲ್ 2, ಇವೆಲ್ಲವೂ ಹಿನ್ನೆಲೆಯಲ್ಲಿ ಅದನ್ನೇ ಬಳಸುತ್ತವೆ. ಬೇಕಿಲ್ಲದ್ದನ್ನು ತೆಗೆದುಬಿಡಿ. ಮೆಮೊರಿ ಇಂಟೆಗ್ರಿಟಿ ಮಾತ್ರ ನಿಮ್ಮ ರಕ್ಷಣೆಗೇ ಇರುವುದು. ಪರೀಕ್ಷೆ ಮಾಡುವಷ್ಟು ಹೊತ್ತು ಆಫ್ ಮಾಡಿದರೂ ಕೆಲಸ ಮುಗಿದ ಮೇಲೆ ಮರೆಯದೆ ಆನ್ ಮಾಡಿ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಇದ್ಯಾವುದಕ್ಕೂ ಕೈ ಹಾಕಬೇಡಿ.

ನಿಧಾನಕ್ಕೆ ಇನ್ನೊಂದು ಕಾರಣ ಹಂಚಿಕೆ. 8 ಜಿಬಿ ಇರುವ ಯಂತ್ರದಲ್ಲಿ ಬಾಡಿಗೆದಾರನಿಗೆ 6 ಜಿಬಿ ಕೊಟ್ಟರೆ ಓನರ್ ಉಪವಾಸ ಬೀಳುತ್ತಾನೆ, ಇಬ್ಬರೂ ನಿಧಾನವಾಗುತ್ತಾರೆ. ನಾವು ಕೊಟ್ಟಿದ್ದು 4 ಜಿಬಿ, ಬ್ರೌಸರನ್ನು ಮುಚ್ಚಿ. ಡಿಸ್ಕ್ 30 ಜಿಬಿ ಕೊಟ್ಟೆವು. ಈ ಡಿಸ್ಕ್ ನಿಜಕ್ಕೂ ವಿಂಡೋಸಿನಲ್ಲಿರುವ ಒಂದು ಫೈಲು. ಮೊದಲು ಚಿಕ್ಕದಾಗಿರುತ್ತದೆ, ಒಳಗೆ ತುಂಬಿದಂತೆಲ್ಲ ಬೆಳೆಯುತ್ತದೆ, ಒಳಗೆ ಅಳಿಸಿದರೂ ತಾನಾಗಿ ಕುಗ್ಗುವುದಿಲ್ಲ. ಅರ್ಧದಲ್ಲಿ ಮೆಷಿನ್ ತಟಕ್ಕನೆ ನಿಂತರೆ ವಿಂಡೋಸಿನ ಸಿ ಡ್ರೈವಿನಲ್ಲಿ ಜಾಗ ಉಳಿದಿದೆಯೇ ನೋಡಿ. ಲಿನಕ್ಸಿಗೆ ತನ್ನ ಡಿಸ್ಕಿನಲ್ಲಿ 15 ಜಿಬಿ ಖಾಲಿ ಕಾಣುತ್ತಿದ್ದರೂ ಓನರ್ ಹತ್ತಿರ ಜಾಗ ಇಲ್ಲದಿದ್ದರೆ ಏನೂ ನಡೆಯುವುದಿಲ್ಲ.

ಸಾಮಾನು ಪೂರ್ತಿ ಬಂದಿದೆಯೇ?

ಇನ್‌ಸ್ಟಾಲ್ ಶೇಕಡ 60ಕ್ಕೆ ಬಂದು ನಿಲ್ಲುವುದು, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಎಡವುವುದು, ಇಂಥದಕ್ಕೆ ಹೆಚ್ಚಾಗಿ ಕಾರಣ ಡೌನ್‌ಲೋಡ್ ಆದ ಐಎಸ್‌ಒ ಫೈಲು ಕೆಟ್ಟಿರುವುದು. ಹಲವು ಜಿಬಿ ಗಾತ್ರದ ಫೈಲು, ವೈಫೈ ಮಧ್ಯೆ ಕಡಿದರೆ ಅರ್ಧಂಬರ್ಧ ಇಳಿದಿರಬಹುದು. ಡೌನ್‌ಲೋಡ್ ಪುಟದಲ್ಲೇ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಉದ್ದನೆ ಸಾಲು ಕೊಟ್ಟಿರುತ್ತಾರೆ. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಕಮಾಂಡಿನಿಂದ ನಿಮ್ಮ ಫೈಲಿನ ಸಾಲನ್ನು ತೆಗೆದು ಹೋಲಿಸಿ. ಒಂದೇ ಒಂದು ಅಕ್ಷರ ಬೇರೆ ಇದ್ದರೂ ಆ ಫೈಲನ್ನು ಬಿಸಾಡಿ ಮತ್ತೆ ಇಳಿಸಿಕೊಳ್ಳಿ. ಐದು ನಿಮಿಷದ ಈ ಕೆಲಸ ಒಂದು ಶನಿವಾರವನ್ನೇ ಉಳಿಸುತ್ತದೆ.

ಇನ್ನೊಂದು ಮಾತು. ಹೊಸ ವರ್ಚುವಲ್‌ಬಾಕ್ಸ್ "ಅನ್‌ಅಟೆಂಡೆಡ್ ಇನ್‌ಸ್ಟಲೇಷನ್" ಎಂಬ ಅನುಕೂಲ ಕೊಡುತ್ತದೆ, ನಮ್ಮನ್ನು ಏನೂ ಕೇಳದೆ ತಾನೇ ಎಲ್ಲ ಹಾಕುತ್ತೇನೆ ಅಂತ. ಮೊದಲ ಸಲಕ್ಕೆ ಅದನ್ನು ಬೇಡ ಅನ್ನಿ. ಅದು ತನ್ನದೇ ಬಳಕೆದಾರನ ಹೆಸರು, ಪಾಸ್‌ವರ್ಡ್ ಇಟ್ಟುಬಿಡುತ್ತದೆ. ಆಮೇಲೆ ಏನಾದರೂ ಹೊಸದು ಹಾಕಲು ಹೊರಟರೆ ನಿಮಗೆ ಅಧಿಕಾರವಿಲ್ಲ ಎಂದು ನಿಮ್ಮದೇ ಮೆಷಿನ್ ನಿಮಗೆ ಹೇಳಬಹುದು!

ಎದೆ ಝಲ್ ಎನ್ನಿಸುವ ಸಾಲು

ಇನ್‌ಸ್ಟಾಲ್ ಮಾಡುವಾಗ "ಇರೇಸ್ ಡಿಸ್ಕ್ ಅಂಡ್ ಇನ್‌ಸ್ಟಾಲ್ ಉಬುಂಟು" ಎಂಬ ಸಾಲು ಬಂತು. ಹಿಂದೆ ನಿಂತು ನೋಡುತ್ತಿದ್ದ ಸ್ನೇಹಿತರ ಮನೆಯವರು ಮೌಸಿನ ಮೇಲೇ ಕೈ ಇಟ್ಟರು. "ಇರೇಸ್ ಅಂತಿದೆಯಲ್ರೀ!" ಅವರ ಆತಂಕ ಸಹಜವೇ. ವರ್ಚುವಲ್ ಮೆಷಿನ್ ಒಳಗೆ ಈ ಸಾಲು ಹೇಳುವುದು ನಾವು ಕೊಟ್ಟ 30 ಜಿಬಿಯ ಖಾಲಿ ಡಿಸ್ಕ್ ಫೈಲಿನ ಬಗ್ಗೆ ಮಾತ್ರ. ಬಾಡಿಗೆದಾರ ತನ್ನ ಮನೆಗೆ ಸುಣ್ಣ ಬಳಿದರೆ ಓನರ್ ಮನೆ ಗೋಡೆ ಬದಲಾಗುವುದಿಲ್ಲ. ತೋರಿಸುತ್ತಿರುವ ಡಿಸ್ಕಿನ ಗಾತ್ರ ನಾವು ಕೊಟ್ಟಷ್ಟೇ ಇದೆಯೇ ಎಂದು ಓದಿ ನೋಡಿ, ಆಮೇಲೆ ಒತ್ತಿದೆವು. ಮುಂದೊಂದು ದಿನ ನಿಜವಾದ ಯಂತ್ರದ ಮೇಲೆ ಹಾಕುವಾಗ ಇದೇ ಸಾಲು ಬರುತ್ತದೆ. ಆಗ ಅದು ನಿಜವಾಗಿಯೂ ಎಲ್ಲವನ್ನೂ ಅಳಿಸುತ್ತದೆ, ನೆನಪಿರಲಿ.

ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಆದ ಮೇಲೆ ಮತ್ತೆ ಮೊದಲಿನ ಇನ್‌ಸ್ಟಾಲ್ ಪುಟವೇ ಬಂದರೆ ಗಾಬರಿ ಬೇಡ. ಐಎಸ್‌ಒ ಇನ್ನೂ ಡ್ರೈವಿನಲ್ಲೇ ಕುಳಿತಿದೆ, ಹಳೇ ಕಾಲದ ಸಿಡಿ ಹೊರಗೆ ತೆಗೆಯದೆ ಬಿಟ್ಟಂತೆ. ಡಿವೈಸಸ್ ಮೆನುವಿನಲ್ಲಿ ಆಪ್ಟಿಕಲ್ ಡ್ರೈವ್ ಖಾಲಿ ಮಾಡಿ, ಮತ್ತೆ ಶುರು ಮಾಡಿ. ಪರದೆ ಅಂಗೈಯಗಲ ಇದ್ದರೆ "ಗೆಸ್ಟ್ ಅಡಿಷನ್ಸ್" ಹಾಕಿಕೊಳ್ಳಬೇಕು. ಅದು ಲಿನಕ್ಸಿನ ಕರ್ನಲ್‌ಗೆ ಹೊಂದುವ ತುಣುಕುಗಳನ್ನು ಅಲ್ಲೇ ಕಟ್ಟುವುದರಿಂದ ಜಿಸಿಸಿ, ಮೇಕ್ ಮತ್ತು ಕರ್ನಲ್ ಹೆಡರ್ಸ್ ಮೊದಲೇ ಇರಬೇಕು. ಪರದೆ ಪೂರ್ತಿ ಕಪ್ಪಾದರೆ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ ಗ್ರಾಫಿಕ್ಸ್ ಕಂಟ್ರೋಲರ್ ವಿಎಂಎಸ್‌ವಿಜಿಎ ಇದೆಯೇ, ವೀಡಿಯೊ ಮೆಮೊರಿ 128 ಎಂಬಿ ಇದೆಯೇ ನೋಡಿ.

ಒಳಗಿನಿಂದ ಇಂಟರ್ನೆಟ್ ಸಿಗದಿದ್ದರೆ ಮತ್ತೆ ಕೆಳಗಿನಿಂದಲೇ ಶುರು ಮಾಡಿ. ವಿಂಡೋಸಿನಲ್ಲಿ ಸಿಗುತ್ತಿದೆಯೇ? ಮೆಷಿನ್ ಸೆಟ್ಟಿಂಗಿನಲ್ಲಿ ನೆಟ್‌ವರ್ಕ್ "ನ್ಯಾಟ್" ಎಂದಿದೆಯೇ? ಹಾಗಿದ್ದರೆ ಲಿನಕ್ಸಿಗೆ ಸಾಮಾನ್ಯವಾಗಿ 10.0.2.15 ಎಂಬ ವಿಳಾಸ ಸಿಕ್ಕಿರುತ್ತದೆ. ವಿಳಾಸವೇ ಇಲ್ಲದಿದ್ದರೆ ತೊಂದರೆ ಸಂಪರ್ಕದ್ದು. ವಿಳಾಸ ಇದ್ದೂ ವೆಬ್‌ಸೈಟ್ ತೆರೆಯದಿದ್ದರೆ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕಡೆ ನೋಡಬೇಕು.

ಈಗ ನಲ್ಲಿಯ ಸರದಿ

ಉಬುಂಟು ಚೆನ್ನಾಗಿ ಓಡತೊಡಗಿತು. ವಿಂಡೋಸಿನ ಒಂದು ಫೋಲ್ಡರನ್ನು ಇಬ್ಬರಿಗೂ ಹಂಚಿ, ಮಾವನವರ ಫೈಲಿನ ಒಂದು ಪ್ರತಿಯನ್ನು ಅದರಲ್ಲಿ ಇಟ್ಟೆವು. ಲಿನಕ್ಸಿನಿಂದ ತೆರೆದರೆ "ಪರ್ಮಿಷನ್ ಡಿನೈಡ್"! ಈ ಸಲ ಓನರ್ ಮನೆಯಲ್ಲಿ ತೊಂದರೆ ಇರಲಿಲ್ಲ. ಹಂಚಿದ ಫೋಲ್ಡರನ್ನು ನೋಡುವ ಹಕ್ಕು ಲಿನಕ್ಸಿನಲ್ಲಿ ವಿಬಾಕ್ಸ್‌ಎಸ್ಎಫ್ ಎಂಬ ಗುಂಪಿಗೆ ಮಾತ್ರ. ಬಳಕೆದಾರನನ್ನು ಆ ಗುಂಪಿಗೆ ಸೇರಿಸಿ ಮೆಷಿನನ್ನು ಒಮ್ಮೆ ರೀಸ್ಟಾರ್ಟ್ ಮಾಡಿದ ಮೇಲೆ ಬಾಗಿಲು ತೆರೆಯಿತು.

ಫೈಲು ತೆರೆದರೆ ನಿರೀಕ್ಷಿಸಿದಂತೆ ಅದೇ ಇಂಗ್ಲಿಷ್ ಗೀಚು. ಇದೇಕೆ ಹೀಗೆ ಎಂದು ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಅನೇಕರು ಕನ್ನಡ ಟೈಪಿಸಲು ಕಲಿತದ್ದೇ 1998ರಲ್ಲಿ ಬಂದ ಬರಹದಿಂದ ಅಥವಾ ಕನ್ನಡ ಗಣಕ ಪರಿಷತ್ತಿನ ನುಡಿಯಿಂದ. ಆ ಕಾಲದ ಕಂಪ್ಯೂಟರುಗಳಲ್ಲಿ ಕನ್ನಡ ತೋರಿಸಲು ಕಂಡುಕೊಂಡಿದ್ದ ಜಾಣ ಉಪಾಯ ಏನೆಂದರೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಇಟ್ಟು, ಫಾಂಟಿನಲ್ಲಿ ಅವುಗಳಿಗೆ ಕನ್ನಡದ ಚಿತ್ರ ತೊಡಿಸುವುದು. ಆ ಫಾಂಟ್ ಇರುವ ಯಂತ್ರದಲ್ಲಿ ಕನ್ನಡ, ಇಲ್ಲದ ಯಂತ್ರದಲ್ಲಿ ಗೀಚು. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇದೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಹೊರಬಿಟ್ಟದ್ದೂ ಅದೇ ವರ್ಷ.

ಬೀರುವಿನ ಪೆನ್‌ಡ್ರೈವ್ ಅಲ್ಲೇ ಇರಲಿ ಎಂದು ಇನ್ನೊಂದರಿಂದ ಹಳೆಯ ಫಾಂಟ್ ಫೈಲನ್ನು ಲಿನಕ್ಸಿಗೆ ಹಾಕಿದೆವು. ಟಿಟಿಎಫ್ ಫಾಂಟುಗಳು ಲಿನಕ್ಸಿನಲ್ಲೂ ನಡೆಯುತ್ತವೆ. ಲಿಬ್ರೆಆಫೀಸಿನಲ್ಲಿ ಫೈಲನ್ನು ಮತ್ತೆ ತೆರೆದಾಗ ಪುಟ ಕನ್ನಡವಾಯಿತು. ಸ್ನೇಹಿತರ ಮನೆಯವರು ಕುರ್ಚಿ ಎಳೆದುಕೊಂಡು ಕೂತು ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು. ಮಗ ಅದನ್ನು ಕೇಳಿದ್ದು ಅದೇ ಮೊದಲು. ಅಜ್ಜ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದರು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಆದರೆ ಇದು ತಾತ್ಕಾಲಿಕ. ಆ ಬರಹ ಇನ್ನು ಇಪ್ಪತ್ತು ವರ್ಷ ಉಳಿಯಬೇಕಾದರೆ ಯೂನಿಕೋಡಿಗೆ ಬದಲಿಸಲೇಬೇಕು. ಅದಕ್ಕೆ ಪರಿವರ್ತಕಗಳಿವೆ. ಅರ್ಕಾವತ್ತು ಮತ್ತು ಒತ್ತಕ್ಷರಗಳ ಹತ್ತಿರ ಅವು ಅಲ್ಲಲ್ಲಿ ಎಡವುತ್ತವೆ, ಹಾಗಾಗಿ ಮೂಲದ ಜೊತೆ ಇಟ್ಟು ಸಾಲು ಸಾಲೇ ಓದಬೇಕು. ಆ ಮನೆಯಲ್ಲಿ ಈಗ ಪ್ರತಿ ಭಾನುವಾರ ಎರಡು ಪುಟ, ಅಮ್ಮ ಮಗ ಇಬ್ಬರೂ ಕೂತು ಓದಿ ತಿದ್ದುತ್ತಿದ್ದಾರೆ. ತಿದ್ದಲು ಟೈಪಿಸಬೇಕಲ್ಲ, ಅದೂ ಕಷ್ಟವಿಲ್ಲ. ಉಬುಂಟುವಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಎಂದು ಹುಡುಕಿದರೆ "ಕಗಪ" ವಿನ್ಯಾಸ ಅಲ್ಲೇ ಸಿಗುತ್ತದೆ. ಕೆ.ಪಿ. ರಾವ್ ಅವರ ಕೀಲಿಮಣೆಯಿಂದ ಬಂದ, ನುಡಿ ಬಳಸಿದವರ ಬೆರಳಿಗೆ ಪರಿಚಿತವಾದ ವಿನ್ಯಾಸ ಅದು. ಅಕ್ಷರಗಳ ಬದಲು ಚೌಕಗಳು ಕಂಡರೆ ಲೋಹಿತ್, ನೋಟೊ ಅಥವಾ ಗುಬ್ಬಿ ಫಾಂಟ್ ಹಾಕಿಕೊಳ್ಳಿ.

ಕೊನೆಗೆ ಕೆಲವು ಮಾತು

ಏನೇ ಬದಲಿಸುವ ಮೊದಲೂ ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಳ್ಳಿ. ಕೆಟ್ಟರೆ ಒಂದು ಕ್ಲಿಕ್ಕಿನಲ್ಲಿ ಹಿಂದಿನ ಸ್ಥಿತಿಗೆ ಬರಬಹುದು. ವರ್ಚುವಲ್ ಮೆಷಿನ್ನಿನ ದೊಡ್ಡ ಸುಖವೇ ಇದು. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ, ಲ್ಯಾಪ್‌ಟಾಪಿನ ಡಿಸ್ಕ್ ಹೋದರೆ ಅದೂ ಹೋಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಐದು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಬಂದ ಸಂದೇಶವನ್ನು ಮುಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದಿಡಿ, ಕೇಳುವವರಿಗೂ ಹೇಳುವವರಿಗೂ ಅನುಕೂಲ.

ಹೊಸ ಮ್ಯಾಕ್‌ಬುಕ್ ಇರುವವರಿಗೆ ಒಂದು ಸೂಚನೆ. ಅದರ ಎಂ ಸರಣಿಯ ಚಿಪ್ಪುಗಳು ಆರ್ಮ್ ಜಾತಿಯವು. ವರ್ಚುವಲ್‌ಬಾಕ್ಸ್ 2024ರ 7.1 ಆವೃತ್ತಿಯಿಂದ ಅವುಗಳ ಮೇಲೂ ಓಡುತ್ತದೆ, ಆದರೆ ಆರ್ಮ್‌ಗಾಗಿ ಮಾಡಿದ ಲಿನಕ್ಸ್ ಪ್ರತಿಯನ್ನೇ ಇಳಿಸಿಕೊಳ್ಳಬೇಕು. ಮಾಮೂಲಿ ಪಿಸಿಯದ್ದನ್ನು ಕೊಟ್ಟರೆ ಅದು ಏಳುವುದೇ ಇಲ್ಲ.

ವರ್ಚುವಲ್ ಮೆಷಿನ್ ಹೇಳದ ಸಂಗತಿಯೂ ಒಂದಿದೆ. ಬಾಡಿಗೆದಾರನಿಗೆ ನಿಮ್ಮ ನಿಜವಾದ ವೈಫೈ ಕಾರ್ಡ್, ಟಚ್‌ಪ್ಯಾಡ್, ಗ್ರಾಫಿಕ್ಸ್ ಕಾಣುವುದೇ ಇಲ್ಲ, ಓನರ್ ತೋರಿಸಿದ ನಕಲು ಮಾತ್ರ ಕಾಣುತ್ತದೆ. ಹಾಗಾಗಿ ಅದರೊಳಗೆ ಎಲ್ಲ ಸರಿ ಅನ್ನಿಸಿದರೂ ಕೊನೆಯ ನಿರ್ಧಾರಕ್ಕೆ ಮೊದಲು ಅದೇ ಐಎಸ್‌ಒವನ್ನು ಯುಎಸ್‌ಬಿಗೆ ಬರೆದು, ಇನ್‌ಸ್ಟಾಲ್ ಮಾಡದೆ "ಟ್ರೈ" ಆಯ್ಕೆಯಲ್ಲಿ ಓಡಿಸಿ ನೋಡಿ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಾಗುತ್ತದೆಯೇ? ಮೂರಕ್ಕೂ ಹೌದು ಎಂದರೆ, ಮನೆಯವರ ಫೈಲುಗಳೆಲ್ಲ ಎರಡು ಕಡೆ ಪ್ರತಿ ಆಗಿವೆ ಎಂದಾದರೆ, ಆಮೇಲೆ ಧೈರ್ಯವಾಗಿ ಮುಂದುವರಿಯಿರಿ.

ನಿಮ್ಮ ಮನೆಯ ಹಳೆಯ ಯಂತ್ರದಲ್ಲೂ ಹೀಗೆ ಯಾರದಾದರೂ ಬರಹ, ಪತ್ರ, ಅಡುಗೆ ಪಟ್ಟಿ ಹಳೆಯ ಫಾಂಟಿನಲ್ಲಿ ಕುಳಿತಿದ್ದರೆ ಈ ವಾರವೇ ಒಮ್ಮೆ ತೆರೆದು ನೋಡಿ. ಸಿಕ್ಕಿಬಿದ್ದರೆ ಸಂದೇಶದ ಫೋಟೋ ಸಮೇತ ನನಗೆ ಬರೆಯಿರಿ. ಮುಂದಿನ ಕಾರ್ಯಕ್ರಮಕ್ಕೆ ಲ್ಯಾಪ್‌ಟಾಪನ್ನೇ ಹೊತ್ತು ತಂದರೂ ಸರಿ, ಊಟ ಮುಗಿದ ಮೇಲೆ ಕೂತು ನೋಡೋಣ.